ನೀರು ಮುಟ್ಟಿಸದ ಸ್ವೆಟರ್

ಅರೆಕಿಪಾ ಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕೋಲ್ಕಾ ಕಣಿವೆಯ ಬಸ್ಸಿಗೆ ಸಾಲು ನಿಂತಿತ್ತು. ಮುಂದೆ ಕಸೂತಿ ಟೋಪಿಯ ಮುದುಕಿ ದಾರಿಗಡ್ಡ ಗಂಟು ಬಿಚ್ಚಿ ಕೂತಿದ್ದಳು. ಅವಳ ಹಿಂದೆ ಸಾಲಿನಲ್ಲಿದ್ದ ಮೆಲ್ಚೋರಾ ಗದರಲು ಹೊರಟವಳು, ಮುದುಕಿ ಪಕ್ಕದಲ್ಲಿದ್ದ ಸೊಸೆಗೆ ಹೇಳಿದ್ದು ಕೇಳಿ ತಡೆದಳು.

"ಇದೇನೇ, ನನ್ನ ಮಗನ ಬಟ್ಟೆಗೆಲ್ಲಾ ಇಸ್ತ್ರಿ?"

"ನಾನೇ ಒಗೆದೆ ಅತ್ತೆ. ಆಸ್ಪತ್ರೆ ವಾಸನೆ ಹೊಡೀತಿತ್ತು."

"ಪಟ್ಟಣದೋಳಿಗೆ ಏನು ಗೊತ್ತು! ಸತ್ತವರ ಬಟ್ಟೆ ನಮ್ಮೂರ ಹೊಳೇಲಿ ಒಗೆದ್ರೇನೇ ಜೀವ ಹೊರಡೋದು. ಈಗ ನಾನೇನು ಒಗೀಲಿ?"

ಸೊಸೆ ತಾನು ತೊಟ್ಟಿದ್ದ ಗಂಡನ ಸ್ವೆಟರ್ ಬಿಚ್ಚಿ ಮುಂದೆ ಹಿಡಿದಳು.

"ಇದಕ್ಕೆ ನೀರು ಮುಟ್ಟಿಸಿಲ್ಲ. ತಗೊಳ್ಳಿ."

ಮುದುಕಿ ಅದರ ತೋಳಿಗೆ ಮೂಗು ಒತ್ತಿ ಮಗನ ವಾಸನೆ ಎಳೆದುಕೊಂಡಳು. ಬಸ್ಸು ಹಾರ್ನ್ ಹೊಡೆಯಿತು.

"ತೊಟ್ಕೊಳ್ಳೇ, ಚಳಿ. ಹೊಳೆಗೆ ನಾನೇ ಏನೋ ಒಂದು ಹೇಳ್ಕೋತೀನಿ," ಎನ್ನುತ್ತ ಮುದುಕಿ ಗಂಟು ಕಟ್ಟಿ ಬಸ್ಸು ಹತ್ತಿದಳು. "ಇನ್ನೊಂದಿಷ್ಟು ದಿನ ಇರ್ಲಿ ಅವನು."