ಜೀವಿತಾಳ ಬಲಮಂಡಿ

…ಏಳ್ಬೇಡ ಕಣೇ, ಏಳ್ಬೇಡ! ಮಿಸ್ ಬಂದ್ರು ಅಂತ ಎದ್ದು ನಿಲ್ಲೋಕೆ ಇದೇನು ಕಾಲೇಜಾ? ಕೂತ್ಕೋ ಜೀವಿತಾ. ಕಾಲು ದಿಂಬಿನ ಮೇಲೇ ಇರ್ಲಿ. ನೋಡು, ಊತ ಎಷ್ಟು ಇಳಿದದೆ! ಆವತ್ತು ಆಸ್ಪತ್ರೇಲಿ ಮಂಡಿ ಯಾವುದು ತೊಡೆ ಯಾವುದು ಗೊತ್ತಾಗ್ತಿರ್ಲಿಲ್ಲ. ಈಗ ಮಂಡಿ ಮಂಡಿ ಥರ ಕಾಣ್ತದೆ.

ನಗಲ್ಲ… ಸರಿ ಬುಡು.

ನಿಮ್ಮಮ್ಮ ಎಳನೀರು ಕೆತ್ಕೊಂಡು ಬತ್ತೀನಿ ಅಂತ ಹಿತ್ತಲಿಗೆ ಹೋದ್ರು. ಅವರು ಬರೋದ್ರೊಳಗೆ ಒಂದ್ ಮಾತು ಆಡ್ಬೇಕಿತ್ತು. ಇರು, ಹೇಳ್ತೀನಿ. ಮೊದ್ಲು ಇದು ಹೇಳು, ಎಕ್ಸರ್‌ಸೈಜ್ ಮಾಡ್ತಿದೀಯಾ? ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು, ಒತ್ತಿ ಹಿಡಿದು, ಹತ್ತು ಎಣಿಸೋದು? ಇಲ್ವಾ? ಯಾಕೆ ತಲೆ ಆಡಿಸ್ತೀಯ? ಮಾಡ್ಬೇಕು ಕಣಮ್ಮ! ಆಪರೇಷನ್ ಆದ್ಮೇಲೆ ತೊಡೆ ಸಣ್ಣ ಆಗಿಬುಡ್ತದೆ. ಈಗ್ಲೇ ಗಟ್ಟಿ ಇಟ್ಕೊಂಡ್ರೆ ಒಂಬತ್ತು ತಿಂಗಳಿಗೆ ಕೋರ್ಟ್ ಮೇಲೆ ಇರ್ತೀಯ. ಒಂಬತ್ತು ಏನು ದೊಡ್ಡದು? ನಿಮ್ಮ ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಗೋಕೇ ಹನ್ನೊಂದು ತಿಂಗಳು ಕಾಯ್ತೀರ…

ಟೀಮಲ್ಲಿ ಇಂಪನಾ ಅಳ್ತಾಳೆ ಕಣೇ ದಿನಾ. ಜೀವಿತಾ ಇಲ್ದೆ ನಾನು ಸೆಂಟರ್ ಆಡಲ್ಲ ಮಿಸ್ ಅಂತಾಳೆ. ನಿನ್ ಥರ ಓಡೋರು ಯಾರವ್ರೆ ಹೇಳು? ನೀನು ಮೊದಲನೇ ಸಲ ಬೀಪ್ ಟೆಸ್ಟಿಗೆ, ಮೊಬೈಲ್ ಬೀಪ್ ಅಂದಂಗೆಲ್ಲಾ ಗೆರೆಯಿಂದ ಗೆರೆಗೆ ಓಡೋಕೆ, ಬಂದಿದ್ದು ನೆನಪಿದೆಯಾ? ಇಪ್ಪತ್ತು ಹುಡುಗೀರು ಒಬ್ಬೊಬ್ರಾಗಿ ಕೂತ್ರು. ನೀನು ಬರಿಗಾಲಲ್ಲಿ ಓಡ್ತಾನೇ ಇದ್ದೆ. ಕೊನೆಗೆ ನನ್ನ ಮೊಬೈಲ್ ಚಾರ್ಜ್ ಮುಗೀತು, ನಿನ್ನ ಉಸಿರು ಮುಗೀಲಿಲ್ಲ! ಆವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ ಕಣೇ, ಖುಷಿಗೆ. ಈ ಮಗು ರಾಜ್ಯಕ್ಕೆ ಆಡ್ತಾಳೆ ಅಂದ್ಕೊಂಡೆ…

ಯಾಕೆ ಹಂಗೆ ನೋಡ್ತೀಯ?

ನಮ್ಮ ನೆಟ್‌ಬಾಲ್ ಆಟವೇ ಹಂಗೆ ಜೀವಿತಾ. ಕಬಡ್ಡಿ ಅಲ್ಲ, ಬಾಸ್ಕೆಟ್‌ಬಾಲ್ ಅಲ್ಲ. ಬಾಲ್ ಹಿಡಿದು ನೆಲಕ್ಕೆ ಇಳಿದ್ರೆ ಅಲ್ಲೇ ನಿಲ್ಬೇಕು, ಓಡ್ಕೊಂಡು ಹೋಗಂಗಿಲ್ಲ. ಅಷ್ಟು ವೇಗದಲ್ಲಿ ಬಂದು ಗಕ್ ಅಂತ ನಿಂತ್ರೆ ಭಾರ ಎಲ್ಲಾ ಮಂಡಿ ಮೇಲೇ ಅಲ್ವಾ? ಯಾರಿಗೆ ಬೇಕಾದ್ರೂ ಆಗ್ತಿತ್ತು. ಆವತ್ತು ಫೈನಲ್ಲಲ್ಲಿ ನೀನು ಹಾರಿದ್ದು… ಅಬ್ಬಾ, ಆ ಕ್ಯಾಚ್! ಇಳಿದೆ, ಬಲಗಾಲು ಊರಿದೆ, ಟಪ್ ಅಂತು. ಬೆಂಚ್ ಹತ್ರ ನಿಂತಿದ್ದ ನಂಗೇ ಕೇಳಿಸ್ತು ಆ ಸದ್ದು.

ಹೌದು, ಇಳಿಯೋದನ್ನ ನಾನು ಸರಿಯಾಗಿ ಕಲಿಸಲಿಲ್ಲ. ಒಪ್ಕೊಳ್ತೀನಿ. ಟ್ರೈನಿಂಗ್ ಕ್ಯಾಂಪಲ್ಲಿ ನಂಗೆ ಹೇಳಿಕೊಟ್ಟಿದ್ರು, ದಿನಾ ಹದಿನೈದು ನಿಮಿಷ ಹಾರಿ ಇಳಿಯೋ ಅಭ್ಯಾಸ, ಮಂಡಿ ಬಗ್ಗಿಸಿ, ಎರಡೂ ಕಾಲ ಮೇಲೆ. ನಿಮಗೆಲ್ಲಾ ಅದು ಬೋರು, ನಂಗೂ ಬೋರು. ಗ್ರೌಂಡು ಸಿಕ್ತಿದ್ದದ್ದೇ ಒಂದು ಗಂಟೆ. ಓಡ್ಸಿದ್ರೆ ಸಾಕು, ಸ್ಕಿಪ್ಪಿಂಗ್ ಮಾಡ್ಸಿದ್ರೆ ಸಾಕು ಅಂದ್ಕೊಂಡೆ. ತಪ್ಪು ನಂದೇ. ಆಯ್ತಾ? ಇನ್ನಾದ್ರೂ ಮಾತಾಡೇ.

…ಇದಾ? ಇದು ಪೇಪರ್. ಅದೇ ಹೇಳೋಣ ಅಂತಲೇ ಬಂದಿದ್ದು.

ಪ್ರಿನ್ಸಿಪಾಲ್ರು ಬುಧವಾರದೊಳಗೆ ಬರಹದಲ್ಲಿ ಕೇಳವ್ರೆ. ಹುಡುಗಿಗೆ ಮುಂಚೆನೇ ನೋವಿತ್ತಂತೆ, ಗೊತ್ತಿದ್ದೂ ಆಡಿಸಿದ್ರಾ ಅಂತ. ಯಾರೋ ಹೇಳವ್ರೆ, ನೀನು ಪ್ರಾಕ್ಟೀಸಲ್ಲಿ ಕುಂಟ್ತಿದ್ದೆ ಅಂತ. ನೀನೊಂದು ಸಹಿ ಹಾಕಿದ್ರೆ ಮುಗೀತು. ಓದ್ತೀನಿ ಕೇಳು. 'ಮಂಡಿ ನೋವಿದ್ದದ್ದನ್ನು ತರಬೇತುದಾರರಾದ ವನಜಾಕ್ಷಿಯವರಿಗೆ ತಿಳಿಸದೆ ಆಡಿರುತ್ತೇನೆ.' ಅಷ್ಟೇ. ಒಂದೇ ಸಾಲು.

ಗೊತ್ತು. ಗೊತ್ತು ಕಣೇ, ನೀನು ಹೇಳಿದ್ದೆ. ಹೇಳಿದ್ದಕ್ಕೇ ತಾನೇ ನಿನ್ನನ್ನ ಗಾಡಿ ಮೇಲೆ ಕೂರಿಸ್ಕೊಂಡು ತಿಪಟೂರಿಗೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದು? ಅಮ್ಮಂಗೆ ಹೇಳ್ಬೇಡಿ ಮಿಸ್, ಆಡೋಕೆ ಬಿಡಲ್ಲ ಅಂದಿದ್ದು ನೀನೇ. ನೀನು ಇನ್ನೂ ಹೇಳಿಲ್ಲ ಅವರಿಗೆ, ನಂಗೊತ್ತು. ಆಸ್ಪತ್ರೇಲಿ ನಿಮ್ಮಮ್ಮ ನನ್ನ ಕೈ ಹಿಡ್ಕೊಂಡು, ನನ್ ಮಗಳು ಹಠಮಾರಿ, ನಿಮಗೂ ಹೇಳ್ದೆ ಆಡವ್ಳೆ, ಬೇಜಾರು ಮಾಡ್ಕೋಬೇಡಿ ಮಿಸ್ ಅಂತ ಅತ್ರು. ನಾನೇನಂದೆ ಗೊತ್ತಾ? ಇರ್ಲಿ ಬುಡಿ ನಿರ್ಮಲಮ್ಮ ಅಂದೆ. ಇರ್ಲಿ ಬುಡಿ ಅಂದೆ ಕಣೇ… ನೀನು ಮಂಚದ ಮೇಲಿಂದ ಕೇಳಿಸ್ಕೊಂಡೆ. ಆದ್ರೂ ತುಟಿ ಬಿಚ್ಲಿಲ್ಲ.

ಇದೂ ಹಂಗೇ ಅಂದ್ಕೋ. ಸಣ್ಣ ಉಳುಕು ಅಂತ ತಾನೇ ನಾವಿಬ್ರೂ ಅಂದ್ಕೊಂಡಿದ್ದು? ಎರಡು ದಿನ ಬ್ಯಾಂಡೇಜು, ಆಟಕ್ಕೆ ಮುಂಚೆ ಒಂದು ಮಾತ್ರೆ. ಹಿಂಗಾಗ್ತದೆ ಅಂತ ಯಾರಿಗೆ ಗೊತ್ತಿತ್ತು?

ಪೆನ್ನು ತಗೋ.

ತಗೋಳೇ! ನಾನೇನು ಪರ್ಮನೆಂಟಾ? ಹನ್ನೆರಡು ವರ್ಷದಿಂದ ಅತಿಥಿ ಶಿಕ್ಷಕಿ. ಪ್ರತಿ ಜೂನಲ್ಲೂ ಇವಳನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ನನ್ನ ಮುಂದೇನೇ ಮಾತಾಡ್ತಾರೆ. ಗೆದ್ದು ತೋರಿಸಿದ್ರೆ ಇಟ್ಕೋತಾರೆ, ಅಷ್ಟೇ. ಈ ಸಲ ಮೊದಲನೇ ಸಲ ಸೆಮಿಫೈನಲ್ಲಿಗೆ ಬಂದಿದ್ವಿ. ನಿಂಗೆ ನೋವು ಬಂದಾಗ ಫೈನಲ್ಲಿಗೆ ಇದ್ದದ್ದು ಇಪ್ಪತ್ತು ದಿನ. ನೀನಿಲ್ದೆ ಹೆಂಗೆ ಹೋಗ್ಲಿ? ಆರು ವಾರ ನಿನ್ನ ಕೂರಿಸಿದ್ರೆ ಎಲ್ಲಾ ಮುಗ್ದೇ ಹೋಗ್ತಿತ್ತು, ನಿಂಗೂ, ನಂಗೂ…

ಏನು?

ಯಾವ ಆರು ವಾರ ಅಂತ ನೋಡ್ತಿದೀಯಾ?

ಆರು ವಾರ ಅಂದ್ನಾ? ಇಲ್ಲ… ಸುಮ್ನೆ ಬಾಯಿಗೆ ಬಂತು. ಒಂದು ಮಾತಿಗೆ ಅಂದೆ ಕಣೇ. ಹಂಗೆ ನೋಡ್ಬೇಡ. ಜೀವಿತಾ, ಹಂಗೆ ನೋಡ್ಬೇಡ ಅಂದೆ! ಬೈಯ್ಯಿ, ಕೂಗು, ಆ ದಿಂಬು ತಗೊಂಡು ಎಸಿ ನನ್ನ ಮೇಲೆ…

ನಿಂಗೆ ಪಕ್ಕದ ರೂಮಲ್ಲಿ ಸಿಸ್ಟರ್ ಬ್ಯಾಂಡೇಜ್ ಸುತ್ತಿದ್ರಲ್ಲ, ಆವಾಗ. ಡಾಕ್ಟರ್ ದಯಾನಂದ್ ನನ್ನ ಒಳಗೆ ಕರೆದ್ರು. ಒಳಗಿನ ನರ ಎಳೆದುಕೊಂಡದೆ, ಇನ್ನೂ ಹರಿದಿಲ್ಲ, ಆರು ವಾರ ಗ್ರೌಂಡಿಗೆ ಇಳಿಸ್ಬೇಡಿ, ಮನೆಯವರಿಗೂ ಹೇಳಿ ಅಂದ್ರು. ಚೀಟೀಲೂ ಬರೆದುಕೊಟ್ರು. ಚೀಟಿ ನನ್ನ ಬ್ಯಾಗಿಗೆ ಹೋಯ್ತು. ಹೊರಗೆ ಬಂದಾಗ ನೀನು ಬೆಂಚ್ ಮೇಲೆ ಕೂತಿದ್ದೆ, ಏನಂದ್ರು ಮಿಸ್ ಅಂತ ಕೇಳ್ದೆ. ಎಂಥಾ ಮುಖ ಮಾಡ್ಕೊಂಡು ಕೇಳ್ದೆ ನೀನು! ಏನೂ ಇಲ್ಲ ಕಣೇ, ಎರಡು ದಿನ ಅಂದೆ. ಬಾಯಿ ತಾನಾಗೇ ಅಂದ್ಬುಡ್ತು. ನಾಳೆ ಹೇಳ್ತೀನಿ, ಸೆಮಿಫೈನಲ್ ಆದ್ಮೇಲೆ ಹೇಳ್ತೀನಿ ಅಂತ… ದಿನಾ ಅಂದ್ಕೊಂಡೆ. ಫೈನಲ್ ದಿನ ಬೆಳಿಗ್ಗೆ ನಿನ್ನ ಕಾಲಿಗೆ ಟೇಪ್ ಸುತ್ತೋವಾಗ್ಲೂ ಅಂದ್ಕೊಂಡೆ. ನೀನು ಕೇಳ್ದೆ, ಆಡಬಹುದಲ್ವಾ ಮಿಸ್ ಅಂತ. ಗಟ್ಟಿ ಇದೀಯ ಕಣೇ, ಆಡು ಅಂದೆ.

ಇಷ್ಟು ದಿನ ನೀನು ನನ್ನ ಬಿಟ್ಟುಕೊಡದೆ ಬಾಯಿ ಮುಚ್ಕೊಂಡಿದ್ದು, ಮಿಸ್‌ಗೂ ಇದು ಇಷ್ಟು ದೊಡ್ಡದು ಅಂತ ಗೊತ್ತಿರ್ಲಿಲ್ಲ ಅಂತ ತಾನೇ? ಅಂದ್ಕೊಂಡೇ ತಾನೇ?

ಏನಾದ್ರೂ ಅನ್ನೇ. ಒಂದು ಮಾತು.

…ಅಳ್ತಾನೂ ಇಲ್ಲ ನೀನು.

ಬನ್ನಿ ನಿರ್ಮಲಮ್ಮ. ಇಲ್ಲ, ಎಳನೀರು ನಂಗೆ ಬೇಡ, ಅವಳಿಗೆ ಕೊಡಿ. ಈ ಪೇಪರಾ? ಏನಿಲ್ಲ, ಇದನ್ನ ನಾನು ಹರಿದು ಹಾಕ್ತೀನಿ. ನೀವು ಕೂತ್ಕೊಳ್ಳಿ. ಬೇಡ, ಅವಳನ್ನ ಏನೂ ಕೇಳ್ಬೇಡಿ, ನನ್ನ ಕಡೆ ನೋಡಿ. ನಿಮ್ಮ ಮಗಳು ನೋವು ಮುಚ್ಚಿಟ್ಟಿರ್ಲಿಲ್ಲ. ನಂಗೆ ಹೇಳಿದ್ಲು. ಆಡಿಸ್ಬೇಡಿ ಅಂತ ಡಾಕ್ಟ್ರು ಹೇಳಿದ್ರು ನಿರ್ಮಲಮ್ಮ. ಅವಳಿಗಲ್ಲ. ನಂಗೆ.