ಪಿಕಪ್ ಗಾಡಿಯ ಸ್ಪ್ರಿಂಗ್ ಕದ್ದವರು ಯಾರು?

ಈ ಪ್ರವಚನಕ್ಕೆ ಬರುವಾಗ ಒಂದು ಚಪ್ಪಲಿ ಈ ಬಾಗಿಲಲ್ಲಿ, ಇನ್ನೊಂದು ಆ ಬಾಗಿಲಲ್ಲಿ ಬಿಟ್ಟು ಬಂದು ಕೂತವರು ನಿಮ್ಮಲ್ಲಿ ಎಷ್ಟು ಜನ? ಕೈ ಎತ್ತಬೇಡಿ, ನನಗೆ ಗೊತ್ತು. ಜೋಡಿ ಬೇರೆಯಾದರೆ ಕಳ್ಳನಿಗೆ ಉಪಯೋಗವಿಲ್ಲ ಎಂಬ ಲೆಕ್ಕ ನಿಮ್ಮದು. ಹಾಗಾದರೆ ಈ ಕಥೆ ನಿಮ್ಮದೇ, ಕೇಳಿ.

ಕಲ್ಲುಗಣಿಯ ಊರೊಂದರಲ್ಲಿ ಒಬ್ಬ ಶ್ರೀಮಂತನಿದ್ದ. ಅವನಿಗೆ ಹಾಲಿನವನ ಮೇಲೂ ಅನುಮಾನ, ಹಾಲಿನ ಮೇಲೂ ಅನುಮಾನ. ಗಣಿಗೆ ಡೀಸೆಲ್ ಪೀಪಾಯಿ, ಕಲ್ಲು ಕೊರೆಯುವ ಯಂತ್ರ ಹೊರಲು ಪಿಕಪ್ ಗಾಡಿ ಬೇಕಾಗಿ ಷೋರೂಮಿಗೆ ಹೋದ. ಅಲ್ಲಿ ಒಂದೇ ಕಂಪನಿಯ ಎರಡು ಗಾಡಿ ನಿಂತಿದ್ದವು. ಒಂದು ಭಾರ ಹೊರುವ ಸಾದಾ ಗಾಡಿ. ಇನ್ನೊಂದು ಕಾಡುಮೇಡು ಹತ್ತಲೆಂದು ಕಾರ್ಖಾನೆಯಲ್ಲೇ ಸಿದ್ಧಪಡಿಸಿದ್ದು. ಎತ್ತರದ ಮೈ, ಒರಟು ಹಲ್ಲಿನ ಟೈರು, ಬಂಡೆ ತಾಗದಂತೆ ಹೊಟ್ಟೆಯಡಿಗೆ ಉಕ್ಕಿನ ತಗಡು. ಬೆಲೆಯೂ ಹೆಚ್ಚು.

ಮಾರುವವನು ಮುಚ್ಚುಮರೆಯಿಲ್ಲದೆ ಹೇಳಿದ. "ಧಣ್ಯಾರ, ಈ ಎತ್ತರದ್ದು ಹಳ್ಳ ದಿನ್ನಿ ದಾಟಾಕ ಮಾಡಿದ್ದು. ಕುಲುಕು ನುಂಗಲಿ ಅಂತ ಸ್ಪ್ರಿಂಗ್ ಮೆತ್ತಗ ಇಟ್ಟಾರ. ಭಾರ ಹೊರಾಕ ಸಾದಾದ್ದ ತಗೋರಿ, ಅದರ ಸ್ಪ್ರಿಂಗ್ ಪಟ್ಟಿ ಗಟ್ಟಿ ಅದಾವ. ಖಾಲಿ ಇದ್ದಾಗ ಸ್ವಲ್ಪ ಎತ್ತಿ ಹಾಕತೈತಿ, ಅಷ್ಟ."

ನೋಡಿ, ಶ್ರೀಮಂತನ ತಲೆ ಎಲ್ಲಿಗೆ ಓಡಿತು? ಅಗ್ಗದ್ದನ್ನು ಕೊಳ್ಳಿ ಎನ್ನುವ ವ್ಯಾಪಾರಿ ಎಲ್ಲಾದರೂ ಇದ್ದಾನೆಯೇ? ಸಾದಾ ಗಾಡಿಯಲ್ಲಿ ಏನೋ ಐಬಿರಬೇಕು, ನನ್ನ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡು ದುಬಾರಿಯದನ್ನೇ ಮನೆಗೆ ತಂದ.

ಗಣಿಯ ಭಾರ ಹೇರಿದ ಕೂಡಲೇ ಗಾಡಿಯ ಹಿಂಭಾಗ ಕುಸಿದು ಮೂತಿ ಆಕಾಶ ನೋಡಿತು. ತಪ್ಪು ತನ್ನದು ಎಂದುಕೊಂಡನೇ? ಇಲ್ಲ. ಗಟ್ಟಿ ಸ್ಪ್ರಿಂಗ್ ಮಾರಿಕೊಂಡು ಮೆತ್ತನೆಯದನ್ನು ಹಾಕಿಸಿದ್ದಾನೆ ಎಂದು ಡ್ರೈವರನ ಮೇಲೆ ಕಳ್ಳತನ ಹೊರಿಸಿದ. ಶ್ರೀಮಂತನ ಅಪ್ಪನ ಕಾಲದಿಂದ ಆ ಮನೆಗೆ ದುಡಿದ ಮನುಷ್ಯ ಅವನು. ಹನುಮಪ್ಪನ ಗುಡಿಯಲ್ಲಿ, ಊರವರೆದುರು, ಅಂಗೈಯಲ್ಲಿ ಕರ್ಪೂರ ಹಚ್ಚಿ ಆಣೆ ಮಾಡು ಎಂದ ಶ್ರೀಮಂತ. ಹೆಂಡತಿ ಮಕ್ಕಳು ನೋಡುತ್ತಿರುವಾಗಲೇ ಡ್ರೈವರ್ ಕರ್ಪೂರ ಹಚ್ಚಿದ. ಅಂಗೈ ಸುಟ್ಟಿತು.

ಅನುಮಾನ ಮಾತ್ರ ಸುಡಲಿಲ್ಲ. ಅವನನ್ನು ಕೆಲಸದಿಂದ ಬಿಡಿಸಿ, ಸಾಕ್ಷಿ ಸಿಗಲಿ ಎಂದು ಷೋರೂಮಿನವನನ್ನೇ ಕರೆಸಿದ. ಅವನು ಗಾಡಿಯ ಅಡಿಗೆ ತೂರಿ ನೋಡಿ, ಎದ್ದು ಬಟ್ಟೆ ಕೊಡವಿಕೊಂಡ. ಇವು ನಾವು ಕೊಟ್ಟ ಸ್ಪ್ರಿಂಗುಗಳೇ, ಮೆತ್ತಗಿವೆ ಎಂದು ಅವತ್ತೇ ಹೇಳಿದ್ದೆನಲ್ಲ ಎಂದ.

ಗುಡಿಯಲ್ಲಿ ಎಲ್ಲರೆದುರು ಕಳ್ಳನೆಂದವನು ತಪ್ಪಾಯಿತು ಎನ್ನಲು ಮಾತ್ರ ಒಬ್ಬನೇ ಹೋದ, ಡ್ರೈವರನ ಮನೆಯ ಹಿತ್ತಲ ಬಾಗಿಲಿಗೆ. ಡ್ರೈವರ್ ಬೊಬ್ಬೆಯೆದ್ದ ಕೈಯಲ್ಲೇ ನಮಸ್ಕಾರ ಮಾಡಿದ. "ಕಬ್ಬಿಣ ಹೇಳಿದ್ದು ನಂಬಿದ್ರಿ ಧಣಿ. ನಾ ಹೇಳಿದ್ದು ನಂಬಲಿಲ್ಲ. ಇನ್ನ ನಾ ಬರಂಗಿಲ್ಲ" ಎಂದು ಬಾಗಿಲು ಹಾಕಿಕೊಂಡ.

ನಗಬೇಡಿ. ಡಬ್ಬಿಯಲ್ಲಿ ಸಕ್ಕರೆ ಕಡಿಮೆಯಾದರೆ ನಿಮ್ಮ ಕಣ್ಣು ಯಾರ ಕಡೆ ಹೋಗುತ್ತದೆ? ಕೆಲಸದಾಕೆಯ ಕಡೆ, ಇಲ್ಲವೇ ಸೊಸೆಯ ಕಡೆ. ನಿಮ್ಮ ನಾಲಿಗೆಯ ಕಡೆ ಹೋಗಿದೆಯೇ? ಜಗತ್ತನ್ನೆಲ್ಲ ಅನುಮಾನಿಸುವ ನೀವು ನಿಮ್ಮ ತೀರ್ಮಾನವನ್ನು ಒಮ್ಮೆಯಾದರೂ ಅನುಮಾನಿಸಿದ್ದೀರಾ? ನನಗೆ ಸಂಕಟವಾಗುತ್ತದೆ, ಅದಕ್ಕೇ ಕೇಳುತ್ತಿದ್ದೇನೆ. ಮನೆಯಲ್ಲಿ ಏನಾದರೂ ಕಾಣೆಯಾದರೆ ಮೊದಲು ನಿಮ್ಮ ಜೇಬು ತಡಕಿ, ಆಮೇಲೆ ಬಾಯಿ ತೆರೆಯಿರಿ. ಹತ್ತು ಜನರೆದುರು ಯಾರನ್ನಾದರೂ ಅನುಮಾನಿಸಿದ್ದರೆ, ಆ ಹತ್ತು ಜನರೆದುರೇ ತಪ್ಪಾಯಿತು ಎನ್ನಿ.

ಇವತ್ತೇ ಶುರುಮಾಡಿ. ಹೊರಗೆ ಹೋದಾಗ ಒಂದೇ ಚಪ್ಪಲಿ ಕಂಡರೆ, ಪಕ್ಕದವರ ಕಾಲು ನೋಡುವ ಮುನ್ನ ಇನ್ನೊಂದು ಬಾಗಿಲಿಗೆ ಹೋಗಿ. ಅದನ್ನು ಅಲ್ಲಿ ಬಿಟ್ಟವರು ನೀವೇ.