ತುರಿಕೆ ಹತ್ತಿದ ಅಕ್ಕ ತಂಗಿ

"ಅವಕ್ಕೆ ಚಳಿ ಆಗ್ತಿರುತ್ತೆ ಕಣ್ರೀ, ಒಂಚೂರು ಹೋಗಿ ನೋಡಿ..." ಅಂದ್ಲು. ಅಷ್ಟೇ ಡಾಕ್ಟ್ರಮ್ಮ. ನನ್ನ ಹೆಂಡತಿ ಬಾಯಿಂದ ಬಂದ ಕೊನೇ ಮಾತು ಅದು. ಎದ್ದು ಹೋದೆ. ನೋಡಿದೆ. ಒಂದರ ಮೇಲೊಂದು ಬಿದ್ಕೊಂಡು ಬೆಚ್ಚಗೆ ಮಲಗಿದ್ವು. ವಾಪಸ್ ಬಂದೆ... ಆಗಿಹೋಗಿತ್ತು.

ಯಾಕೆ ತಲೆ ತಗ್ಗಿಸಿದ್ರಿ? ನಗು ಬಂದ್ರೆ ನಕ್ಕುಬಿಡಿ. ಇಷ್ಟು ವರ್ಷ ಸಂಸಾರ ಮಾಡಿದೋನಿಗೆ ಒಂದು ಮಾತಿಲ್ಲ. ನಿನ್ನೆ ಮೊನ್ನೆ ಬಂದ ಇಲಿಗಳಿಗೆ ಚಳಿ!

ಸರಿ ಸರಿ, ಗಿನಿಪಿಗ್. ಇಲಿ ಅಂದ್ರೆ ಅವಳೂ ಹೀಗೇ ಕಣ್ಣು ಬಿಡ್ತಿದ್ಲು. ದೊಡ್ಡದು ಅಕ್ಕ, ಸಣ್ಣದು ತಂಗಿ. ಮಕ್ಕಳಿಲ್ಲದ ಮನೆ... ಯಾರೋ ಸಾಕೋಕಾಗದೆ ಬಿಟ್ಟಿದ್ದನ್ನ ಸೆರಗಲ್ಲಿ ಕಟ್ಕೊಂಡು ಬಂದ್ಲು. ಬರುವಾಗಲೇ ಕಜ್ಜಿ. ಮೈಯಲ್ಲಿ ಹುಳ ಇದೆ ಅಂತ ನೀವೇ ಔಷಧಿ ಕೊಟ್ರಲ್ಲ.

ಹಾಂ? ವಾಸಿಯಾಗಿತ್ತು, ನಿಜ. ಕೂದಲು ಬಂದಿತ್ತು, ಅದೂ ನಿಜ. ಮತ್ತೆ ಉದುರ್ತು! ರೋಗ ನನ್ನ ಕೇಳಿ ಬರುತ್ತಾ?

ಹೊತ್ತುಹೊತ್ತಿಗೂ ಕರಕರ ಕೆರ್ಕೊಳ್ಳೋದೇ. ತಂಗಿ ಇದೆಯಲ್ಲ, ಕೆರೆದೂ ಕೆರೆದೂ ದೊಪ್ ಅಂತ ಬೀಳುತ್ತೆ. ಕಾಲು ಸೆಟೆದು ಒದ್ದಾಡುತ್ತೆ. ಅಕ್ಕ ಮೂಲೆ ಸೇರ್ಕೊಂಡು ಕಿರುಚುತ್ತೆ. ನಾನು ಎದುರಿಗೆ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ.

ಏನು ಮಾಡೋದು ಅಂದ್ರೆ? ಹೋಗಿ ನೋಡಿ ಅಂದ್ಲು. ನೋಡ್ತೀನಿ!

ಅದಕ್ಕೇ ಬಂದಿದ್ದು. ಎರಡಕ್ಕೂ ಒಂದೊಂದು ಸೂಜಿ ಚುಚ್ಚಿ ಮುಗಿಸಿಬಿಡಿ. ಪೀಡೆ ಕಳೀಲಿ. ನಿಮಗೂ ಪುಣ್ಯ.

ಅಯ್ಯೋ, ಅದನ್ಯಾಕೆ ಅಂಗಾತ ಮಾಡಿದ್ರಿ? ಬೆನ್ನು ನೋಡಿ ಸಾಕು... ಬೆನ್ನು ಚೆನ್ನಾಗಿದೆ, ಹೌದು. ಹೊಟ್ಟೆ ಕೆಳಗೇ ಜಾಸ್ತಿ. ಪಾದವೆಲ್ಲ ಹುಣ್ಣು. ಹುಳ ಅಲ್ವಾ, ಮೇಲಿಂದ ಕೆಳಗೆ ಇಳಿದಿರುತ್ತೆ. ಇಳಿಯಲ್ವಾ?

ಚಿಮಟ ಯಾಕೀಗ? ಏನದು... ಓ. ಮರದ ಹೊಟ್ಟು. ಅದರಲ್ಲೇನಿದೆ! ನಾನು ಬಡಗಿ ತಾಯಿ. ನನ್ನ ತಲೆಯಲ್ಲಿ ಹೊಟ್ಟು, ಕಿವೀಲಿ ಹೊಟ್ಟು, ಉಣ್ಣೋ ತಟ್ಟೇಲಿ ಹೊಟ್ಟು. ಗಾಳಿಗೆ ಹಾರಿ ಅಂಟ್ಕೊಂಡಿರುತ್ತೆ.

ಮೂಸಬೇಡಿ... ಮೂಸಬೇಡಿ ಅಂದೆ!

ವಾಸನೆ ಬರುತ್ತೆ. ಬರದೆ ಏನು. ಗೆದ್ದಲು ಹತ್ತಬಾರದು ಅಂತ ಆ ಮರಕ್ಕೆ ಔಷಧಿ ಕುಡಿಸಿರ್ತೀವಿ. ನೋಡಿ ನನ್ನ ಅಂಗೈ, ಹೇಗೆ ಸುಲಿದಿದೆ. ಅವಳಿಗೂ ಗೊತ್ತಿತ್ತು. ಅಂಗಡಿ ಬಟ್ಟೇಲಿ ಅವುಗಳ ಹತ್ರ ಬರಬೇಡಿ ಅಂತ ಹೊಸಿಲಲ್ಲೇ ನಿಲ್ಲಿಸೋಳು. ನನ್ನ ಮನೇಲಿ! ನನ್ನನ್ನ! ತನ್ನ ಶಾಲು ಹರಿದು ಅವಕ್ಕೆ ಹಾಸಿದ್ಲು, ಮೆತ್ತಗಿರಲಿ ಅಂತ. ನನಗೆ ಯಾವತ್ತು ಮೆತ್ತಗೆ ಹಾಸಿದ್ಲು?

ಬೈಯಿರಿ ಡಾಕ್ಟ್ರಮ್ಮ. ಬಾಯಿಬಿಟ್ಟು ಬೈಯಿರಿ. ಆ ಬುಟ್ಟಿ ಯಾಕೆ ನಿಮ್ಮ ಕಡೆ ಎಳ್ಕೊಳ್ತೀರಿ? ಅವು ನನ್ನವು. ಅವಳು ನನಗೆ ಬಿಟ್ಟು ಹೋಗಿರೋದು ಅವೆರಡೇ... ನೀವೇನು ಕಿತ್ಕೊಳ್ಳೋದು?

ಸೂಜಿ ಹಾಕಲ್ವಾ? ಬದುಕ್ತಾವಾ ಹಾಗಾದ್ರೆ?

ಹಾಗೆ ನೋಡಬೇಡಿ. ಅವಳೂ ಹಾಗೆ ನೋಡಿರಲಿಲ್ಲ.

ಗಾಳಿಗೆ ಹಾರಿದ್ದಲ್ಲ. ಮಾರನೇ ಬೆಳಿಗ್ಗೆ, ಅವಳನ್ನ ಎತ್ತೋಕೆ ಜನ ಇನ್ನೂ ಬಂದಿರಲಿಲ್ಲ. ನಡುಮನೇಲಿ ಅವಳನ್ನ ಒಬ್ಬಳೇ ಬಿಟ್ಟು ಅಂಗಡಿಗೆ ಹೋದೆ. ಕುಯ್ಯೋ ಮಿಷನ್ ಅಡಿ ಬಿದ್ದಿದ್ದನ್ನ ಚೀಲಕ್ಕೆ ಬಾಚ್ಕೊಂಡೆ. ಮನೆಗೆ ಬಂದೆ. ಶಾಲು ಎಳೆದು ಹಾಕಿದೆ. ಅಕ್ಕ ತಂಗಿ ಎರಡೂ ಮೇವು ತಂದೆ ಅಂತ ಓಡಿ ಬಂದ್ವು.

ಸುರಿದೆ.